ಫಸ್ಟ್ ಕ್ಲಾಸ್ ಎನ್ನುತ್ತಿದ್ದ ಮಿಲಿಟ್ರಿ ಅಣ್ಣ

ಅವರು ಊಟಕ್ಕೆ ಕೂರುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ತಟ್ಟೆ ಇಟ್ಟು, ಎಡಗೈಯಲ್ಲಿ ಸರಳು ಹಿಡಿದು, ಬಲಗಾಲನ್ನು ನೆಲದಿಂದ ಚೂರೇ ಚೂರು ಎತ್ತಿ, ಕೊಕ್ಕರೆಯ ಹಾಗೆ ನಿಂತುಕೊಂಡೇ ಮುದ್ದೆ ನುಂಗುತ್ತಿದ್ದರು. ಊಟ ಮುಗಿಯುವಷ್ಟರಲ್ಲಿ ಹಣೆಯ ತುಂಬ ಬೆವರು. ಅದು ಸಾರಿನ ಖಾರಕ್ಕೆ ಬಂದ ಬೆವರಲ್ಲ ಅನ್ನುವುದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು.

ಪರಶುರಾಂಪುರದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೋದ ಹೊಸತರಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಊರೆಲ್ಲ ಅವರನ್ನು ಮಿಲಿಟ್ರಿ ಅಂತಲೇ ಕರೆಯುತ್ತಿತ್ತು. ನನಗೆ ಅವರು ಅಣ್ಣ, ಅವರ ಹೆಂಡತಿ ಅಕ್ಕ. ಅಕ್ಕ ಶೇಂಗಾ, ಈರುಳ್ಳಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಅಣ್ಣ ಮನೆಯಲ್ಲಿರುತ್ತಿದ್ದರು. ನಸುಕಿನಲ್ಲೇ ಎದ್ದು ಗಡ್ಡ ಕೆರೆದುಕೊಂಡು, ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಇಟ್ಟಿಗೆಯ ಹಾಗೆ ಮಡಚಿಡುತ್ತಿದ್ದರು. ಯಾರು ಹೇಗಿದ್ದೀರಿ ಅಂತ ಕೇಳಿದರೂ ಒಂದೇ ಮಾತು: "ಫಸ್ಟ್ ಕ್ಲಾಸ್."

ಆ ಮಾತೇ ಊರಿನ ಬಾಯಿಗೆ ಸಿಕ್ಕಿತ್ತು. "ಹೆಂಡ್ತಿ ಕೂಲಿ ಮಾಡ್ತಾಳೆ, ಇವ್ನು ಫಸ್ಟ್ ಕ್ಲಾಸಾಗಿ ಮನೇಲಿರ್ತಾನೆ. ಸೊಂಟ ನೋವಂತೆ, ಎಲ್ಲಾ ನಾಟಕ" ಅಂತ ಹೋಟೆಲಿನ ಬೆಂಚಿನ ಮೇಲೆ ಕೂತವರು ಅವರಿಗೆ ಕೇಳಿಸುವಂತೆಯೇ ಆಡುತ್ತಿದ್ದರು. ಅಣ್ಣ ಅಲ್ಲಿಯೂ ನಿಂತೇ ಟೀ ಕುಡಿದು, ಲೋಟ ಇಟ್ಟು ಬರುತ್ತಿದ್ದರು.

ಅವರು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಹಿಮ ಬೀಳುವ ಗುಡ್ಡದ ರಸ್ತೆಯಲ್ಲಿ ಒಂದು ದಿನ ಲಾರಿಯ ಮೇಲೆ ಹತ್ತಿ ರೇಷನ್ ಮೂಟೆಗೆ ಹಗ್ಗ ಬಿಗಿಯುವಾಗ ಕಾಲು ಜಾರಿ ಬೆನ್ನು ಕೆಳಗಾಗಿ ಬಿದ್ದರು. ಎದ್ದು ಮತ್ತೆ ಸ್ಟೇರಿಂಗ್ ಹಿಡಿದರು. "ನಾನು ನಿಂತ್ರೆ ನನ್ ಹಿಂದಿನ ಗಾಡಿಗಳೆಲ್ಲ ನಿಲ್ತಾವಲ್ಲ ಟೀಚರಮ್ಮ" ಅಂತ ನನಗೆ ಹೇಳಿದ್ದರು. ಬಿದ್ದ ವಿಷಯವನ್ನು ಎಲ್ಲೂ ಬರೆಸಲಿಲ್ಲ. ಕೆಲವು ತಿಂಗಳಿಗೆ ಸೊಂಟದಿಂದ ಹಿಮ್ಮಡಿಯವರೆಗೆ ನರ ಉರಿಯತೊಡಗಿತು. ಬೆನ್ನಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿತ್ತು. ಸರ್ವಿಸ್ ಪೂರ್ತಿಯಾಗುವ ಮೊದಲೇ ಮನೆಗೆ ಕಳಿಸಿದರು. ಈ ಕಾಯಿಲೆ ದೇಹದ ಸವೆತದಿಂದ ಬಂದದ್ದು, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಅಂತ ಮೆಡಿಕಲ್ ಬೋರ್ಡಿನವರು ಬರೆದರು. ಹಾಗಾಗಿ ಅಂಗವೈಕಲ್ಯದ ಪಿಂಚಣಿ ಸಿಗಲಿಲ್ಲ. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ.

ಮೊದಲ ಮೇಲ್ಮನವಿ ನಾನು ಬರುವ ಮೊದಲೇ ತಿರಸ್ಕಾರವಾಗಿತ್ತು. ಎರಡನೆಯದನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಬಹಳ ಕಾಲದ ನಂತರ, ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ, ಬನ್ನಿ ಅಂತ ಕರೆ ಬಂತು. ಅಕ್ಕ, ನಾನು ಇಬ್ಬರೂ ಜೊತೆಗೆ ಹೋದೆವು. ಚಳ್ಳಕೆರೆಯಿಂದ ಬೆಂಗಳೂರಿನವರೆಗೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅಣ್ಣ ಕಂಬಿ ಹಿಡಿದು ನಿಂತೇ ಬಂದರು. ಕಂಡಕ್ಟರ್ ಎರಡು ಸಲ ಕೂರಿ ಅಂದ. ಮೂರನೇ ಸಲ ಅಕ್ಕನ ಮುಖ ನೋಡಿ ಮುಂದಕ್ಕೆ ಹೋದ.

ಮಿಲಿಟರಿ ಆಸ್ಪತ್ರೆಯ ಪರೀಕ್ಷೆಯ ಕೋಣೆಯೊಳಗೆ ಏನಾಯಿತು ಅನ್ನುವುದನ್ನು ಅವರು ಹೊರಗೆ ಬಂದ ಮೇಲೆ ಹೇಳಿದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ತುಟಿಯಲ್ಲಿ ಬಣ್ಣವಿರಲಿಲ್ಲ.

"ಮಲಗಿಸಿ, ಕಾಲು ಎತ್ತು ಅಂದ್ರು. ಎತ್ತಿದೆ."

"ಎಷ್ಟು ಎತ್ತಿದಿರಿ ಅಣ್ಣ?"

"ಪೂರ್ತಿ ಎತ್ತಿದೆ."

"ನೋವಾಗಲಿಲ್ವಾ?"

"ಜೀವ ಹೋಯ್ತು. ಆದ್ರೆ ಆಫೀಸರ್ ಎತ್ತು ಅಂದ್ರೆ ಆಗಲ್ಲ ಅಂತ ಹೆಂಗನ್ನೋದು?"

ಹೇಗಿದ್ದೀಯ ಅಂತ ಕೇಳಿದ್ದರಂತೆ. ಇವರು ಫಸ್ಟ್ ಕ್ಲಾಸ್ ಸಾಹೇಬ್ ಅಂದಿದ್ದರಂತೆ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣ ಅವರ ಪಕ್ಕದಲ್ಲಿ ನಿಂತೇ ಇದ್ದರು. ಕಾಲು ಪೂರ್ತಿ ಎತ್ತುವವನಿಗೆ ನೋವೆಲ್ಲಿ ಅಂತ ಎರಡನೇ ಮನವಿಯೂ ತಿರಸ್ಕಾರವಾಯಿತು.

ಆ ವರ್ಷವೇ ನನಗೊಂದು ಸಂಜೆ ಹೊಟ್ಟೆನೋವು ಬಂತು. ಓಣಿಯವರು ಗ್ಯಾಸು, ಓಮಿನ ನೀರು ಕುಡೀರಿ ಅಂದರು. ಔಷಧಿ ಅಂಗಡಿಯವನೂ ಅದನ್ನೇ ಹೇಳಿ ಕಳಿಸಿದ. ಅಣ್ಣ ಬಾಗಿಲಲ್ಲಿ ನಿಂತು ನನ್ನನ್ನು ಒಂದು ಗಳಿಗೆ ನೋಡಿದರು. "ಟೀಚರಮ್ಮ ನೋವು ಅಂದ್ರೆ ನೋವೇ" ಅಂದು ಹೊರಟು, ಈರುಳ್ಳಿ ಸಾಗಿಸುವ ಲಗೇಜ್ ಆಟೊ ತಂದರು. ನನ್ನನ್ನು ಅಕ್ಕನ ತೊಡೆಯ ಮೇಲೆ ಮಲಗಿಸಿ, ತಾವು ಹಿಂದೆ ಕಂಬಿಗೆ ಜೋತುಬಿದ್ದು ನಿಂತು, ಗುಂಡಿ ಬಿದ್ದ ಆ ರಸ್ತೆಯಲ್ಲಿ ಚಳ್ಳಕೆರೆಯವರೆಗೂ ಬಂದರು. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು, ಬೆಳಗಿನವರೆಗೆ ಕಾದಿದ್ದರೆ ಕಷ್ಟವಿತ್ತು ಅಂತ ಡಾಕ್ಟರು ಹೇಳಿದರು. ಈ ನನ್ನ ಜೀವ ಅವರು ಕೊಟ್ಟದ್ದು. ಅವರ ಮಾತನ್ನು ಯಾರೂ ನಂಬದ ಕಾಲದಲ್ಲಿ ಅವರು ನನ್ನ ಮಾತು ನಂಬಿದರು.

ಉಳಿದದ್ದು ಸೈನಿಕರ ಮೊಕದ್ದಮೆ ಕೇಳುವ ನ್ಯಾಯಮಂಡಳಿ. ಬಿದ್ದದ್ದನ್ನು ಕಂಡ ಸಾಕ್ಷಿ ಬೇಕು ಅಂದರು ವಕೀಲರು. ಅಣ್ಣನ ಜೊತೆಗಿದ್ದ ಸೈನಿಕರೊಬ್ಬರು ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದಲ್ಲಿ ಕುರಿ ಸಾಕಿಕೊಂಡಿದ್ದಾರೆ ಅಂತ ಗೊತ್ತಾಗಿ ಹುಡುಕಿಕೊಂಡು ಹೋದೆವು. ಅವರದು ತೆಲುಗು ಮಾತು. ಅಣ್ಣನನ್ನು ಕಂಡವರೇ ತಬ್ಬಿಕೊಂಡರು. "ನೇನು ಚೂಸಿನಾನಮ್ಮಾ" ಅಂದರು ನನಗೆ. ನಾನು ಕಣ್ಣಾರೆ ನೋಡಿದೆ, ಇವನು ಬಿದ್ದಾಗ ಸತ್ತೇಹೋದ ಅಂದುಕೊಂಡಿದ್ದೆ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ ಅಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ಮೆಲ್ಲಗೆ ಏನೋ ಹಾಡಿಕೊಳ್ಳುತ್ತಿದ್ದರು. ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಾಕ್ಷಿ ಹೇಳಿಕೆ ಕೊಟ್ಟಾಯಿತು, ಆದರೆ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ನೋವು ಮಾತ್ರ ಮುಂದಕ್ಕೆ ಹೋಗಲಿಲ್ಲ. ಹಗಲೆಲ್ಲ ಬೇವಿನ ಮರದ ಕೆಳಗೆ ಬೋರಲು ಮಲಗಿ ಟವೆಲ್ ಕಚ್ಚಿಕೊಂಡಿರುತ್ತಿದ್ದರು. ಚಳ್ಳಕೆರೆಯ ಡಾಕ್ಟರನ್ನು ಒಂದು ದಿನ ಕೇಳಿಯೇಬಿಟ್ಟರು: "ಈ ಕಾಲು ತೆಗೆದುಬಿಡ್ರಿ ಸಾರ್. ಇಲ್ದಿದ್ರೂ ನಡೀತೈತೆ." ಕಾಲು ತೆಗೆದರೂ ನೋವು ಹೋಗುವುದಿಲ್ಲ, ನೋವಿನ ಬೇರು ಬೆನ್ನಿನಲ್ಲಿದೆ ಅಂದರು ಡಾಕ್ಟರು. ಹೊರಗೆ ಬಂದು ಅಣ್ಣ, "ಕೇಳಿದ್ರಾ? ಇಲ್ದಿರೋ ಕಾಲೂ ನೋಯುತ್ತಂತೆ" ಅಂತ ನಕ್ಕರು. ಆ ನಗುವನ್ನು ನನಗೆ ನೋಡಲಾಗಲಿಲ್ಲ.

ಕೊನೆಗೆ ಅವರನ್ನು ಕೊಂದದ್ದು ನೋವಲ್ಲ, ನೋವಿಗೆ ಅಂತ ವರ್ಷಗಟ್ಟಲೆ ನುಂಗಿದ ಮಾತ್ರೆಗಳು. ಎರಡೂ ಕಿಡ್ನಿ ಕೆಟ್ಟವು. ಚಿತ್ರದುರ್ಗದ ಆಸ್ಪತ್ರೆಗೆ ನೋಡಲು ಹೋದಾಗ ಮುಖ ಊದಿಕೊಂಡಿತ್ತು. ಹೇಗಿದ್ದೀರಣ್ಣ ಅಂತ ಅಭ್ಯಾಸಕ್ಕೆ ಕೇಳಿಬಿಟ್ಟೆ. ಅವರು ಬಹಳ ಹೊತ್ತು ಮೇಲಿನ ಫ್ಯಾನು ನೋಡುತ್ತಿದ್ದರು. "ತಡಿಯಕ್ಕಾಗ್ತಿಲ್ಲ ಟೀಚರಮ್ಮ" ಅಂದರು. ಎರಡು ದಿನಕ್ಕೆ ಹೋದರು.

ಮೊಕದ್ದಮೆಯನ್ನು ಹೆಂಡತಿ ಮುಂದುವರಿಸಬಹುದು ಅಂದರು ವಕೀಲರು. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. "ಬರ್ತೀನಿ" ಅಂದರು ಅಕ್ಕ. ವಿಚಾರಣೆಯ ದಿನ ಸರ್ಕಾರದ ಕಡೆಯವರು, ಸಾಕ್ಷಿ ಹೇಳಿದವರು ಸ್ನೇಹಿತರು, ಹೇಗೆ ನಂಬುವುದು ಅಂತ ವಾದಿಸಿದರು. ನ್ಯಾಯಾಧೀಶರು ಅಕ್ಕನ ಕಡೆ ತಿರುಗಿ, ನಿಮ್ಮ ಗಂಡ ಬಿದ್ದದ್ದನ್ನು ನೀವು ನೋಡಿದ್ದೀರಾ ಅಂತ ಕೇಳಿದರು. ಅಕ್ಕ ಕೈಮುಗಿದರು.

"ಬಿದ್ದಿದ್ದು ನಾನು ನೋಡಿಲ್ಲ ಸ್ವಾಮಿ. ಆಮೇಲೆ ಸಾಯೋ ತಂಕ ಎದ್ದಿದ್ದೂ ನೋಡಿಲ್ಲ."

ನ್ಯಾಯಾಧೀಶರು ಅದನ್ನು ಬರೆದುಕೊಂಡರು.

ತೀರ್ಪಿನ ಪ್ರತಿ ಕೈಗೆ ಬರುವಾಗ ಶೇಂಗಾ ಕೀಳುವ ಕಾಲ. ಬೆನ್ನಿನ ಪೆಟ್ಟು ಸೇವೆಯಲ್ಲಿದ್ದಾಗಲೇ ಆದದ್ದು ಅಂತ ಒಪ್ಪಿದ್ದರು. ಕೂಲಿಯಿಂದ ಬಂದ ಅಕ್ಕ ಜಗಲಿಯ ಮೇಲೆ ಕೂತು, ಉಗುರಿನ ಮಣ್ಣು ತೆಗೆಯುತ್ತಾ ನಾನು ಹೇಳಿದ್ದನ್ನು ಕೇಳಿಸಿಕೊಂಡರು.

"ಹಂಗಾದ್ರೆ ಅವರು ಸುಳ್ಳು ಹೇಳಿಲ್ಲ ಅಂತ ಐತಾ ಅದ್ರಾಗೆ?"

"ಐತೆ ಅಕ್ಕ."

"ಎದ್ದು ನಿಂತ್ಕಂಡು ಓದ್ರಿ. ಕನ್ನಡದಾಗೆ ಓದ್ರಿ. ಹೋಟ್ಲು ತಂಕ ಕೇಳ್ಸಲಿ."

ನಾನು ಎದ್ದು ನಿಂತು, ಬೀದಿಯ ಕಡೆ ತಿರುಗಿ ಓದಿದೆ.