ವಾಲೆಸ್ಕಾ ತೋಡಿದ ಗುಣಿಗಳು

ನಮ್ಮ ವೋಲ್ಫರ್ಸ್‌ಬ್ರುಕ್‌ನಲ್ಲಿ ಮೂವತ್ತು ವರ್ಷದಷ್ಟು ಕಾಲ ಸತ್ತವರನ್ನೆಲ್ಲ ಮಣ್ಣಿಗೆ ಇಳಿಸಿದವಳು ವಾಲೆಸ್ಕಾ ಪೋಲ್. ಊರು ಅವಳನ್ನು ಇಷ್ಟಪಡಲಿಲ್ಲ, ಅವಳೂ ಊರನ್ನು ಇಷ್ಟಪಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗಿನವರು ಹಳೆಯ ಫೋಟೋ ನೋಡಿ, ನಿರಾಶ್ರಿತೆಯಾಗಿ ಬಂದು ಊರಿನವಳೇ ಆಗಿಬಿಟ್ಟಳು ಎಂದು ಮೆಚ್ಚಿಕೊಂಡು ಮಾತಾಡುತ್ತಾರೆ. ಅವಳು ಹಾಗೆ ಆಗಲಿಲ್ಲ. ನಮ್ಮ ಮನೆ, ಅವಳು ಮೊದಲು ಬಂದು ಸೇರಿದ ರೋಸ್ಟ್ ಮನೆಯ ಎದುರಿಗೇ ಇತ್ತು, ಆದ್ದರಿಂದ ನನಗೆ ಗೊತ್ತು.

ನಮ್ಮೂರಿನ ಗೋಡೆ ಇನ್ನೂ ಗಟ್ಟಿಯಾಗಿದೆ. ಮುನ್ನೂರು ವರ್ಷಕ್ಕೂ ಹಿಂದೆ ಸ್ವೀಡನ್ನಿನ ಸೈನ್ಯ ಬಂದಾಗ ನಮ್ಮ ಹಿರಿಯರು ಬಾಗಿಲು ಹಾಕಿಕೊಂಡು ಕೂತರು. ಸುತ್ತಲ ಹಳ್ಳಿಯವರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದು ಒಳಗೆ ಬಿಡಿ ಎಂದು ಗೋಗರೆದರೂ ತೆರೆಯಲಿಲ್ಲ. ಹಳ್ಳಿಗಳು ಸುಟ್ಟುಹೋದವು, ಊರು ಉಳಿಯಿತು. ಶಾಲೆಯಲ್ಲಿ ಇದನ್ನು ನಮಗೆ ಹೆಮ್ಮೆಯ ಸಂಗತಿಯಾಗಿ ಹೇಳಿಕೊಡುತ್ತಿದ್ದರು. ಜರ್ಮನಿ ಯುದ್ಧ ಸೋತ ಮರುವರ್ಷದ ವಸಂತದಲ್ಲಿ, ಪೋಲೆಂಡಿನ ಪಾಲಾದ ಸೈಲೀಸಿಯಾ ಪ್ರಾಂತ್ಯದಿಂದ ಹೊರದಬ್ಬಿಸಿಕೊಂಡ ಜರ್ಮನ್ನರು ದನದ ಗಾಡಿಗಳಲ್ಲಿ ಬಂದು ರೈಲು ನಿಲ್ದಾಣದಲ್ಲಿ ಇಳಿದಾಗಲೂ ಊರಿನ ಮನಸ್ಸು ಹಾಗೇ ಇತ್ತು. ಆದರೆ ಈ ಸಲ ಬಾಗಿಲು ಹಾಕಿಕೊಳ್ಳುವ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲ. ಗೆದ್ದ ಅಮೆರಿಕದವರ ಅಪ್ಪಣೆಯ ಮೇರೆಗೆ ಪುರಸಭೆಯ ಗುಮಾಸ್ತನೂ ಪೊಲೀಸಿನವನೂ ಮನೆಮನೆ ತಿರುಗಿ, ಖಾಲಿ ಕೋಣೆ ಕಂಡಲ್ಲೆಲ್ಲ ಒಂದೊಂದು ಸಂಸಾರವನ್ನು ಇಳಿಸಿ ಹೋದರು.

ಮಾಂಸದಂಗಡಿಯ ರೋಸ್ಟ್ ಮನೆಗೆ ಬಂದವರು ವಾಲೆಸ್ಕಾ ಮತ್ತು ಅವಳ ತಾಯಿ ಆಗ್ನೆಸ್. ವಾಲೆಸ್ಕಾಗೆ ಆಗ ಇಪ್ಪತ್ತೈದರ ಆಸುಪಾಸು. ಅಗಲ ಭುಜದ, ಕಡಿಮೆ ಮಾತಿನ ಹೆಣ್ಣು. ರೋಸ್ಟನ ಹೆಂಡತಿ ಕುನಿಗುಂಡೆ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಬಟ್ಟೆಯಲ್ಲಿ ಹೇನಿದೆಯೇ ಎಂದು ಕೇಳಿದಳು. ಅವರಿಗೆ ಮಹಡಿಯ ಕೋಣೆ ಸಿಕ್ಕಿತು. ಪೊಲೀಸಿನವನು ಬೀದಿ ದಾಟುವಷ್ಟರಲ್ಲಿ ಕುನಿಗುಂಡೆ ಅಲ್ಲಿಂದ ಒಲೆಯನ್ನು ಇಳಿಸಿಕೊಂಡಳು, ಬಲ್ಬನ್ನು ಬಿಚ್ಚಿಕೊಂಡಳು. ಅಂಗಳದ ಕೈಪಂಪಿನ ಹಿಡಿಯನ್ನು ಕಳಚಿ ತನ್ನ ಅಡುಗೆಮನೆಯಲ್ಲಿಟ್ಟುಕೊಂಡಳು. ನೀರು ಬೇಕಾದರೆ ಕೇಳಬೇಕು, ಕೇಳಿದರೆ ಬೈಗುಳವೂ ಜೊತೆಗೆ ಬರುತ್ತಿತ್ತು. ಮುದುಕಿ ಆಗ್ನೆಸ್ ಕೋಣೆಯಲ್ಲಿ ಅತ್ತಿತ್ತ ಓಡಾಡಿದರೆ ಕೆಳಗಿನಿಂದ ಪೊರಕೆಯ ಕೋಲಿನಲ್ಲಿ ಛಾವಣಿ ಕುಟ್ಟುವ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ನನ್ನ ತಲೆ ಮೇಲೆ ನಡೀತಾಳೆ, ಪೋಲೆಂಡಿನ ದನ, ಎನ್ನುತ್ತಿದ್ದಳು ಕುನಿಗುಂಡೆ. ಅವರು ನಮ್ಮ ಹಾಗೇ ಜರ್ಮನ್ನರು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅನ್ನುತ್ತಿದ್ದಳು.

ಬೇರೆಯವರೇನೂ ಕಡಿಮೆಯಿರಲಿಲ್ಲ, ನಮ್ಮಮ್ಮನನ್ನೂ ಸೇರಿಸಿ ಹೇಳುತ್ತಿದ್ದೇನೆ. ಊರಿನ ಸಾಮೂಹಿಕ ಒಲೆಯಲ್ಲಿ ಹೆಂಗಸರು ಸರದಿಯ ಮೇಲೆ ರೊಟ್ಟಿ ಬೇಯಿಸುತ್ತಿದ್ದರು. ವಾಲೆಸ್ಕಾ ಕಲಸಿದ ಹಿಟ್ಟು ಹಿಡಿದು ಹೋದಾಗಲೆಲ್ಲ ಅವಳ ಸರದಿ ಇನ್ನೂ ಬಂದಿಲ್ಲ ಎಂದು ಕಳಿಸುತ್ತಿದ್ದರು. ಅದು ಒಮ್ಮೆಯೂ ಬರಲಿಲ್ಲ. ಊರೆಲ್ಲ ಪ್ರಾಟೆಸ್ಟೆಂಟ್, ಬಂದವರು ಕ್ಯಾಥೊಲಿಕ್. ಅವರ ಪೂಜೆಗೆ ಪಾದ್ರಿ ಪಕ್ಕದ ಊರಿನಿಂದ ಸೈಕಲ್ ತುಳಿದುಕೊಂಡು ಯಾವಾಗಲೋ ಬರುತ್ತಿದ್ದರು.

ಆ ಶರತ್ಕಾಲದಲ್ಲಿ ರೋಸ್ಟ್ ಅಂಗಡಿಯಲ್ಲೇ ಕುಸಿದು ಸತ್ತ. ಸ್ಮಶಾನದ ನಡುಸಾಲಿನಲ್ಲಿ, ಅವರ ಮನೆತನದ ಜಾಗದಲ್ಲಿ ಅವನನ್ನು ಹೂಳಿದರು. ಅವನ ಎಡಕ್ಕೆ ಕುನಿಗುಂಡೆಗೆಂದು ಒಂದು ಗುಣಿಯಷ್ಟು ಜಾಗ ಬಿಟ್ಟು, ಕಲ್ಲಿನ ಮೇಲೆ ಅವಳ ಹೆಸರನ್ನೂ ಕೆತ್ತಿಸಿದರು. ಹುಟ್ಟಿದ ವರ್ಷವಿತ್ತು, ಸಾಯುವ ವರ್ಷಕ್ಕೆ ಜಾಗ ಬಿಟ್ಟಿತ್ತು.

ಆಮೇಲೆ ಬಂದ ಚಳಿಗಾಲವನ್ನು ನೋಡಿದವರು ಈಗಲೂ ಮರೆತಿಲ್ಲ. ನದಿ ತಳದವರೆಗೆ ಹೆಪ್ಪುಗಟ್ಟಿತು. ಒಲೆಯಿಲ್ಲದ ಮಹಡಿಯ ಕೋಣೆಯಲ್ಲಿ ಆಗ್ನೆಸ್ ಕೆಮ್ಮಿ ಕೆಮ್ಮಿ ಫೆಬ್ರವರಿಯಲ್ಲಿ ತೀರಿಕೊಂಡಳು. ಬಡಗಿ ಹಳೆಯ ಹಲಗೆಗಳನ್ನು ಜೋಡಿಸಿ ಪೆಟ್ಟಿಗೆ ಮಾಡಿಕೊಟ್ಟ. ವಾಲೆಸ್ಕಾ ಗುಣಿ ತೋಡುವ ಡಾಯರ್ಲಿಂಗ್‌ನ ಮನೆಗೆ ಹೋದಳು. ಮುದುಕ ಬಾಗಿಲನ್ನು ಅರ್ಧವಷ್ಟೇ ತೆರೆದ.

"ನೆಲ ಕಲ್ಲಾಗಿದೆ. ಮಾರ್ಚ್ ಕಳೀಲಿ, ನೋಡೋಣ," ಎಂದ.

"ಹೋದ ವಾರ ಗಿರಣಿಯವರಿಗೆ ತೋಡಿದ್ರಲ್ಲ?"

"ಅವರು ಈ ಊರಿನವರು."

"ಅಲ್ಲೀತನಕ ನಮ್ಮಮ್ಮನ್ನ ಎಲ್ಲಿಡ್ಲಿ?"

"ಚಳಿ ಇದೆಯಲ್ಲ. ಕೆಡೋದಿಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸಾಮಾನು ಕೊಡಿ, ನಾನೇ ತೋಡ್ತೀನಿ ಎಂದಳು. ಡಾಯರ್ಲಿಂಗ್‌ಗೆ ಅದು ತಮಾಷೆಯಾಗಿ ಕಂಡಿತು. ಪಿಕಾಸಿ, ಹಾರೆ, ಸಲಿಕೆ ಮೂರನ್ನೂ ಹೊಸ್ತಿಲ ಹೊರಗೆ ಎಸೆದು, "ಎಲ್ಲಿ ತೋಡೋಕಾಗುತ್ತೋ ಅಲ್ಲಿ ತೋಡ್ಕೋ ಹೋಗು," ಎಂದ. ಕ್ಯಾಥೊಲಿಕರಿಗೆಂದು ಬಿಟ್ಟದ್ದು ಸ್ಮಶಾನದ ಮೂಲೆ, ಹಿಂದೆ ನೇಣು ಹಾಕಿಕೊಂಡವರನ್ನು ಹೂಳುತ್ತಿದ್ದ ಜಾಗ. ಅಲ್ಲಿ ಅವಳು ಇಡೀ ಬೆಳಗ್ಗೆ ಹೊಡೆದಳು. ಪಿಕಾಸಿ ಕಿಡಿ ಹಾರಿಸಿತೇ ಹೊರತು ಮಣ್ಣು ಬಿಡಲಿಲ್ಲ. ಆಮೇಲೆ ಅವಳು ಸಾಲಿನಿಂದ ಸಾಲಿಗೆ ಹಾರೆ ಕುಟ್ಟುತ್ತ ನಡೆದಳು. ರೋಸ್ಟನ ಗೋರಿಯ ಪಕ್ಕದಲ್ಲಿ ಹಾರೆ ಒಳಗೆ ಇಳಿಯಿತು. ಆ ಜಾಗವೆಲ್ಲ ಶರತ್ಕಾಲದಲ್ಲಷ್ಟೇ ಕೆದಕಿದ ಮಣ್ಣು, ಮೇಲೆ ಹೂಮಾಲೆಗಳನ್ನೂ ಫರ್ ಮರದ ಕೊಂಬೆಗಳನ್ನೂ ದಪ್ಪಗೆ ಹೊದಿಸಿದ್ದರು. ಹೆಪ್ಪು ಅಲ್ಲಿ ಆಳಕ್ಕೆ ಇಳಿದಿರಲಿಲ್ಲ.

ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ ವಾಲೆಸ್ಕಾ ಮತ್ತು ಇನ್ನಿಬ್ಬರು ನಿರಾಶ್ರಿತ ಹೆಂಗಸರು ಕೈಗಾಡಿಯಲ್ಲಿ ಪೆಟ್ಟಿಗೆ ತಂದರು. ಅವರ ಪಾದ್ರಿ ಹಿಮದಲ್ಲಿ ಬರಲಾಗಲಿಲ್ಲ. ತಮಗೆ ಬಂದ ಪ್ರಾರ್ಥನೆಯನ್ನು ತಾವೇ ಹೇಳಿಕೊಂಡು ಆಗ್ನೆಸ್ಸಳನ್ನು ಇಳಿಸಿದರು. ಚರ್ಚು ಬಿಟ್ಟು ಕುನಿಗುಂಡೆ ಗಂಡನ ಗೋರಿಗೆ ಬರುವ ಹೊತ್ತಿಗೆ ವಾಲೆಸ್ಕಾ ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟುತ್ತಿದ್ದಳು. ಹಿಂದೆಯೇ ಅರ್ಧ ಊರು ಬಂದಿತ್ತು, ನಮ್ಮಮ್ಮನೂ ಇದ್ದಳು.

"ಅದು ನನ್ನ ಜಾಗ," ಎಂದಳು ಕುನಿಗುಂಡೆ. ಅವಳು ದನಿ ಏರಿಸಲಿಲ್ಲವಂತೆ.

"ನಮಗೂ ಒಂದು ಮನೆ ಇತ್ತು, ರೋಸ್ಟ್ ಅಮ್ಮನವರೇ. ನನ್ನ ಹಾಸಿಗೇಲಿ ಈಗ ಇನ್ನ್ಯಾರೋ ಮಲಗ್ತಾರೆ."

"ಅದನ್ನ ನಾನು ಕಿತ್ಕೊಂಡ್ನಾ?"

"ಇಲ್ಲ. ಒಲೆ ಕಿತ್ಕೊಂಡ್ರಿ."

ಅಂದೇ ಪುರಸಭೆಯಲ್ಲಿ ಜನ ಸೇರಿದರು. ಹೆಣ ತೆಗೆಸಬೇಕು ಎಂಬುದಕ್ಕೆ ಎರಡು ಮಾತಿರಲಿಲ್ಲ. ಆದರೆ ಹೂತದ್ದನ್ನು ತೆಗೆಯಲು ಜಿಲ್ಲೆಯ ವೈದ್ಯಾಧಿಕಾರಿಯ ಒಪ್ಪಿಗೆ ಬೇಕಿತ್ತು. ಅವರು, ಸತ್ತದ್ದು ಎದೆಯ ರೋಗದಿಂದ, ಇಪ್ಪತ್ತೈದು ವರ್ಷ ಯಾರೂ ಆ ಮಣ್ಣು ಮುಟ್ಟಕೂಡದು ಎಂದು ಹೇಳಿಕಳಿಸಿದರು. ಡಾಯರ್ಲಿಂಗನನ್ನು ಕರೆಸಿ ಕೇಳಿದಾಗ, ಎಲ್ಲಿ ತೋಡೋಕಾಗುತ್ತೋ ಅಲ್ಲಿ ಎಂದು ತಾನೇ ಅಂದದ್ದನ್ನು ಅವನು ಒಪ್ಪಿಕೊಳ್ಳಬೇಕಾಯಿತು.

ಅಲ್ಲಿಂದ ಎರಡು ವರ್ಷ ಆ ಇಬ್ಬರು ಹೆಂಗಸರು ಒಂದೇ ಸೂರಿನಡಿ ಕಳೆದದ್ದು ಹೇಗೆಂದು ಹೇಳುವುದು ಕಷ್ಟ. ಮಹಡಿಗೆ ಹತ್ತುವ ಮೆಟ್ಟಿಲಿಗೆ ಕುನಿಗುಂಡೆ ಕೊಬ್ಬು ಸವರುತ್ತಿದ್ದಳು. ವಾಲೆಸ್ಕಾ ಒಲೆಯ ಬೂದಿಯನ್ನು, ಕೆಳಗೆ ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಸುರಿಯುತ್ತಿದ್ದಳು. ಅಷ್ಟು ಹೊತ್ತಿಗೆ ಪೊಲೀಸರು ಒಲೆ ವಾಪಸು ಕೊಡಿಸಿದ್ದರು. ಸ್ಮಶಾನದಲ್ಲೂ ಅದೇ ಜಗಳ. ಆಗ್ನೆಸ್ಸಳ ತಲೆಯ ಕಡೆ ನೆಟ್ಟ ಮರದ ಶಿಲುಬೆ ವಾರ ಕಳೆಯುವಷ್ಟರಲ್ಲಿ ಮಾಯವಾಗುತ್ತಿತ್ತು. ಕೊನೆಗೆ ವಾಲೆಸ್ಕಾ ಕಮ್ಮಾರನ ಗುಜರಿಯಿಂದ ಕಬ್ಬಿಣದ ಪಟ್ಟಿ ತಂದು, ಹೆಸರು ಕೊರೆದು, ಬುಡಕ್ಕೆ ಕಾಂಕ್ರೀಟು ಹಾಕಿ ನಿಲ್ಲಿಸಿದಳು. ಅದು ಅಲುಗಲಿಲ್ಲ.

ಡಾಯರ್ಲಿಂಗ್ ಬಿದ್ದು ಸೊಂಟ ಮುರಿದುಕೊಂಡಾಗ ಊರು ಪೇಚಿಗೆ ಸಿಕ್ಕಿತು. ಗಂಡಸರು ಯುದ್ಧದಲ್ಲಿ ಸತ್ತಿದ್ದರು, ಇಲ್ಲವೇ ರಷ್ಯಾದಲ್ಲಿ ಸೆರೆಯಲ್ಲಿದ್ದರು. ಉಳಿದವರಿಗೆ ಆ ಕೆಲಸ ಬೇಡ. ಹೆಪ್ಪುಗಟ್ಟಿದ ನೆಲದಲ್ಲೂ ತೋಡಬಲ್ಲವಳು ಒಬ್ಬಳಿದ್ದಾಳೆ ಎಂಬುದನ್ನು ಊರೆಲ್ಲ ಕಣ್ಣಾರೆ ಕಂಡಿತ್ತು. ಮೇಯರ್ ಟೋಪಿ ಕೈಯಲ್ಲಿ ಹಿಡಿದು ರೋಸ್ಟ್ ಮನೆಯ ಮಹಡಿ ಹತ್ತಿದರು. ಹಳೆಯ ಊರುಬಾಗಿಲ ಗೋಪುರದ ಕೋಣೆ ತನಗೆ ಬೇಕು, ಅದರ ಬೀಗದ ಕೈ ತನ್ನೊಬ್ಬಳ ಹತ್ತಿರವೇ ಇರಬೇಕು ಎಂದಳು ವಾಲೆಸ್ಕಾ. ಮೇಯರ್ ಒಪ್ಪಿಕೊಂಡರು.

ಹೀಗೆ ಅವಳ ಜೀವಮಾನದ ಕೆಲಸ ಶುರುವಾಯಿತು. ಗುಣಿಯನ್ನು ಅಚ್ಚುಕಟ್ಟಾಗಿ ತೋಡುತ್ತಿದ್ದಳು, ಹೆಣವನ್ನು ಮರ್ಯಾದೆಯಿಂದ ಇಳಿಸುತ್ತಿದ್ದಳು. ಆದರೆ ಬದುಕಿದ್ದವರ ಮೇಲೆ ಕರುಣೆ ತೋರಿಸಲಿಲ್ಲ. ಸಾಮೂಹಿಕ ಒಲೆಯ ಮುಂದೆ ಅವಳನ್ನು ಎಲ್ಲರಿಗಿಂತ ಹೆಚ್ಚು ಓಡಿಸುತ್ತಿದ್ದ ಮುದುಕಿ ಸತ್ತಾಗ ಮಗಳು ಗೋಪುರದ ಕೆಳಗೆ ನಿಂತು, ಗುರುವಾರಕ್ಕೆ ಆಗುತ್ತಾ ಎಂದು ಕೇಳಿದಳು. ವಾಲೆಸ್ಕಾ ಕಿಟಕಿಯಿಂದಲೇ, "ನಿಮ್ಮ ಸರದಿ ಇನ್ನೂ ಬಂದಿಲ್ಲ," ಎಂದಳು. ಆ ವಾರ ಬೇರೆ ಯಾರೂ ಸತ್ತಿರಲಿಲ್ಲ. ಆದರೂ ಮಗಳು ಸೋಮವಾರದವರೆಗೆ ಕಾಯಬೇಕಾಯಿತು. ಊರಿನವರು ಅವಳನ್ನು ಕಾಗೆ ಎಂದು ಕರೆಯುತ್ತಿದ್ದರು. ಶವಸಂಸ್ಕಾರದ ಊಟಕ್ಕೆ ಯಾರೂ ಕರೆಯಲಿಲ್ಲ. ಎದುರಿಗೆ ಬಂದರೆ ಮಾತ್ರ 'ನೀವು' ಎನ್ನುತ್ತಿದ್ದರು, ಏಕೆಂದರೆ ಒಂದಲ್ಲ ಒಂದು ದಿನ ಎಲ್ಲರಿಗೂ ಅವಳು ಬೇಕಾಗುತ್ತಿದ್ದಳು.

ರಸ್ತೆ ಕೆಲಸದ ವೈಗಾಂಡ್ ಎಂಬ ಒಬ್ಬ ಒಳ್ಳೆಯ ಮನುಷ್ಯ ಅವಳನ್ನು ಮದುವೆಯಾಗಲು ಬಯಸಿದ್ದ. ಹಲವು ವರ್ಷ ಗೋಪುರದ ಕೆಳಗೆ ಕಟ್ಟಿಗೆ ಒಡೆದುಕೊಟ್ಟ. ಅವನಿಗೆ ಅವಳು ಕೊಟ್ಟ ಉತ್ತರ ಅವನೇ ಹೆಂಡದಂಗಡಿಯಲ್ಲಿ ಹೇಳಿಕೊಂಡದ್ದರಿಂದ ಎಲ್ಲರಿಗೂ ಗೊತ್ತಾಯಿತು. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ, ಆದ್ರೆ ನಿನ್ನ ಹೆಸರು ಇಟ್ಕೊಂಡ್ರೆ ನಾನು ಈ ಊರಿನವಳಾಗಿಬಿಡ್ತೀನಿ, ಅದು ನನಗೆ ಬೇಡ, ಎಂದಿದ್ದಳಂತೆ.

ಕುನಿಗುಂಡೆ ಮಾತ್ರ ಸಾಯಲಿಲ್ಲ. ಪ್ರತಿ ಭಾನುವಾರ ಗೋರಿಗೆ ಹೋಗುತ್ತಿದ್ದಳು. ಗಂಡನ ಹೂವಿಗೆ ನೀರು ಹಾಕಿ, ಪಕ್ಕದ ಕಬ್ಬಿಣದ ಪಟ್ಟಿಯ ಕಡೆ ತಿರುಗಿ ಗೊಣಗುತ್ತ ನಿಲ್ಲುತ್ತಿದ್ದಳು. ಅವಳ ಮಗಳು ಇನ್ನೊಂದು ಕಡೆ ಜಾಗ ಕೊಳ್ಳೋಣ ಎಂದರೆ ಅವಳಿಗೆ ಕೋಪ ಬರುತ್ತಿತ್ತು. ಆ ಸೈಲೀಸಿಯಾದವಳ ಇಪ್ಪತ್ತೈದು ವರ್ಷದ ಅವಧಿ ಮುಗಿಯುವ ತನಕ ತಾನು ಉಸಿರು ಹಿಡಿದಿರುತ್ತೇನೆ ಎನ್ನುತ್ತಿದ್ದಳು. ಹಾಗೇ ಹಿಡಿದಿದ್ದಳು ಕೂಡ. ಅವಧಿ ಮುಗಿದು ಎರಡು ವರ್ಷ ಕಳೆದ ಮೇಲೆ, ಎಂಬತ್ತು ದಾಟಿ ಹಾಸಿಗೆ ಹಿಡಿದಾಗ, ವಾಲೆಸ್ಕಾಳನ್ನು ಕರೆಸಿದಳು. ಮಗಳಿಗೆ ಆ ಕೋಣೆಯಲ್ಲಿ ಒಬ್ಬಳೇ ಇರಲು ಧೈರ್ಯವಾಗದೆ ನನ್ನನ್ನು ಕೂಗಿದ್ದಳು. ಆದ್ದರಿಂದ ಅಲ್ಲಿ ನಡೆದ ಮಾತನ್ನು ನಾನೇ ಕೇಳಿದ್ದೇನೆ.

"ಬಾ. ಕೂತ್ಕೋಬೇಡ," ಎಂದಳು ಕುನಿಗುಂಡೆ.

"ಕೂರೋಕೆ ಬಂದಿಲ್ಲ."

"ಅವಧಿ ಮುಗೀತು. ನಿಮ್ಮಮ್ಮನ್ನ ತೆಗಿ."

"ತೆಗೆಯೋದಿಲ್ಲ."

"ಪುರಸಭೆಯಿಂದ ಹೇಳಿಸ್ತೀನಿ."

"ಹೇಳ್ಸು. ಗುಣಿ ತೋಡೋಳು ನಾನೇ ಅಲ್ವಾ."

ಇಷ್ಟು ವರ್ಷದಲ್ಲಿ ವಾಲೆಸ್ಕಾ ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಮಗಳು ನನ್ನ ತೋಳು ಹಿಡಿದಳು. ಕುನಿಗುಂಡೆಗೆ ಮಾತ್ರ ಅದು ತಟ್ಟಿದಂತೆ ಕಾಣಲಿಲ್ಲ. ಅವಳು ಛಾವಣಿಯ ಕಡೆ ಕಣ್ಣೆತ್ತಿದಳು.

"ಹಾಗಾದ್ರೆ ಅವಳನ್ನ ಇನ್ನೂ ಕೆಳಗೆ ಇಳಿಸು," ಎಂದಳು ಆಮೇಲೆ. "ಮೇಲೆ ನಾನಿರ್ತೀನಿ. ಯಾರ ಮನೇಲಿದ್ದೀನಿ ಅನ್ನೋದು ಅವಳಿಗೆ ಗೊತ್ತಿರ್ಲಿ."

"ತಲೆ ಮೇಲೆ ನಡೀತಾಳೆ ಅಂತ ಅವಳನ್ನ ಬೈತಿದ್ದೆ. ಇನ್ನು ನೀನು ಅವಳ ತಲೆ ಮೇಲೆ."

"ಹೌದು. ಚೆನ್ನಾಗಿ ತುಳೀತೀನಿ."

"ಆಯ್ತು," ಎಂದು ವಾಲೆಸ್ಕಾ ಹೊರಟುಹೋದಳು. ಇಬ್ಬರ ನಡುವೆ ನಾನು ಕಂಡ ಒಪ್ಪಂದ ಅದೊಂದೇ.

ನವೆಂಬರಿನಲ್ಲಿ ಕುನಿಗುಂಡೆ ಸತ್ತಳು. ವಾಲೆಸ್ಕಾ ಯಾರ ಸಹಾಯವನ್ನೂ ತೆಗೆದುಕೊಳ್ಳದೆ ಆ ಜಾಗವನ್ನು ತೋಡಿದಳು. ತಾಯಿಯ ಮೂಳೆಗಳು ಸಿಕ್ಕಾಗ ಸಲಿಕೆ ಬಿಟ್ಟು ಕೈಯಲ್ಲೇ ಎತ್ತಿ, ಬಿಳಿ ಬಟ್ಟೆ ಹಾಸಿದ ಹೊಸ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಇನ್ನೂ ಒಂದು ಆಳುದ್ದ ಕೆಳಕ್ಕೆ ತೋಡಿ ಪೆಟ್ಟಿಗೆಯನ್ನು ಇಳಿಸಿ ಮಣ್ಣು ಮುಚ್ಚಿದಳು. ನಾನು ಬೇಲಿಯಾಚೆ ಹಾದುಹೋಗುವಾಗ ಅವಳು ಬಕೆಟ್ಟನ್ನು ಬೋರಲು ಹಾಕಿ ಗುಣಿಯ ಅಂಚಿನಲ್ಲಿ ಕೂತಿದ್ದಳು. ಮುಖ ಮಣ್ಣಾಗಿತ್ತು. ಕಾಫಿ ತರಲೇ ಎಂದು ಕೇಳಿದೆ. ನಿಮ್ಮಮ್ಮ ಆಗ ತಂದಿದ್ರೆ ಕುಡೀತಿದ್ದೆ, ಎಂದಳು.

ಸಂಸ್ಕಾರದ ದಿನ ಯಾವಾಗಲೂ ಸಾಮಾನಿನ ಕೊಟ್ಟಿಗೆಯ ಹತ್ತಿರ ನಿಲ್ಲುತ್ತಿದ್ದವಳು ಅಂದು ಕಪ್ಪು ಕೋಟು ಹಾಕಿಕೊಂಡು ಬಂದು ಮನೆಯವರ ಸಾಲಿನಲ್ಲೇ ನಿಂತಳು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಪಾದ್ರಿ, ಕುನಿಗುಂಡೆ ರೋಸ್ಟ್‌ಳನ್ನು ಮಣ್ಣಿಗೆ ಒಪ್ಪಿಸುತ್ತೇವೆ ಎಂದು ಓದಿದರು.

"ಆಗ್ನೆಸ್ ಪೋಲ್‌ಳನ್ನೂ," ಎಂದಳು ವಾಲೆಸ್ಕಾ.

"ಇವತ್ತಾದ್ರೂ ಸುಮ್ಮನಿರೋಕಾಗಲ್ವಾ ನಿಮಗೆ?" ಎಂದಳು ಕುನಿಗುಂಡೆಯ ಮಗಳು.

"ನಮ್ಮಮ್ಮನಿಗೆ ಓದೋಕೆ ಯಾರೂ ಬಂದಿರ್ಲಿಲ್ಲ. ಇವರು ಹೇಗೂ ಇಲ್ಲೇ ಇದ್ದಾರೆ, ಓದ್ಲಿ."

ಪಾದ್ರಿ ಎಲ್ಲರ ಮುಖ ನೋಡಿದರು. ಆಮೇಲೆ ಮೊದಲಿನಿಂದ, ಎರಡು ಹೆಸರನ್ನೂ ಸೇರಿಸಿ ಓದಿದರು. ರೋಸ್ಟ್ ಕಡೆಯ ಕೆಲವರು ಬೆನ್ನು ತಿರುಗಿಸಿ ಹೊರಟುಹೋದರು. ವಾಲೆಸ್ಕಾ ಕೋಟು ಬಿಚ್ಚಿ ಪಕ್ಕದ ಕಲ್ಲಿನ ಮೇಲೆ ಹಾಕಿ ಸಲಿಕೆ ಎತ್ತಿಕೊಂಡಳು.

ಕೆಲಸದಿಂದ ನಿವೃತ್ತಳಾದಾಗ ಪುರಸಭೆ ಅವಳಿಗೆ ಸನ್ಮಾನ ಮಾಡಲು ತೀರ್ಮಾನಿಸಿ ಬ್ಯಾಂಡಿನವರನ್ನೂ ಕರೆಸಿತ್ತು. ಅವಳು ಅಂದು ಬೆಳಗಿನ ಬಸ್ಸಿನಲ್ಲೇ ಬಟ್ಟೆಬರೆಯ ಎರಡು ಪೆಟ್ಟಿಗೆ ಹಿಡಿದು ಜಿಲ್ಲಾ ಪಟ್ಟಣಕ್ಕೆ ಹೊರಟುಹೋಗಿದ್ದಳು. ಗೋಪುರದ ಬೀಗದ ಕೈಯನ್ನು ಕೊಡದೆ ನದಿಗೆ ಎಸೆದಳೆಂದು ಹೇಳುತ್ತಾರೆ. ಬಾಗಿಲು ಒಡೆಯಬೇಕಾದದ್ದಂತೂ ನಿಜ. ಅಲ್ಲೇ ಪಟ್ಟಣದಲ್ಲಿ ಅವಳು ಸತ್ತಳು. ನಮಗೆ ಗೊತ್ತಾದದ್ದು ಪತ್ರಿಕೆಯಿಂದ. ಅದರಲ್ಲಿ ಅವಳ ಊರು ಎಂದು ಸೈಲೀಸಿಯಾದ ಒಂದು ಹಳ್ಳಿಯ ಹೆಸರಿತ್ತು, ನಮ್ಮೂರಿನ ಹೆಸರು ಎಲ್ಲೂ ಇರಲಿಲ್ಲ.

ರೋಸ್ಟ್ ಮನೆಯವರು ಕಲ್ಲಿನ ಮುಂದೆ ಬಾಕ್ಸ್ ಎಂಬ ಕುರುಚಲು ಗಿಡದ ಬೇಲಿ ಬೆಳೆಸಿದ್ದಾರೆ. ಉಳಿದ ಕಡೆ ಮೊಣಕಾಲೆತ್ತರಕ್ಕೆ ಕತ್ತರಿಸುತ್ತಾರೆ. ಕಬ್ಬಿಣದ ಪಟ್ಟಿಯ ಮುಂದೆ ಮಾತ್ರ ಬೆಳೆಯಲು ಬಿಡುತ್ತಾರೆ. ನಾನು ಹೋದಾಗಲೆಲ್ಲ ಕೊಂಬೆಗಳನ್ನು ಸರಿಸಿ ಬರುತ್ತೇನೆ. ಮುಂದಿನ ಸಲ ಹೋಗುವಷ್ಟರಲ್ಲಿ ಯಾರೋ ಅವನ್ನು ಮತ್ತೆ ಪಟ್ಟಿ ಕಾಣದಂತೆ ತಂತಿಯಿಂದ ಎಳೆದು ಕಟ್ಟಿರುತ್ತಾರೆ.