ಸೆರಗಿನ ಪರದೆ

ಹೊಸ ಕಂಬಳಿಗೆ ಹುಣಸೆಬೀಜದ ಗಂಜಿಯ ವಾಸನೆ ಇರುತ್ತದೆ, ನೀವು ಮೂಸಿ ನೋಡಿದ್ದೀರೋ ಇಲ್ಲವೋ. ಸ್ವಲ್ಪ ಹುಳಿ, ಸ್ವಲ್ಪ ಕುರಿ. ಮೊನ್ನೆ ತಲೆಸುತ್ತು, ವಾಂತಿ ಹತ್ತಿಕೊಂಡು ಮಧುಗಿರಿಯ ಕ್ಲಿನಿಕ್ಕಿನಲ್ಲಿ ಮಲಗಿದ್ದಾಗ ಐ.ಡಿ.ಹಳ್ಳಿಯ ಈರಕ್ಕ ಬಂದು ಅಂಥದ್ದೊಂದನ್ನು ನನ್ನ ಕಾಲ ಮೇಲೆ ಹೊದಿಸಿದಳು. ನೂಲು ಅವಳೇ ತೆಗೆದದ್ದು. ಆ ವಾಸನೆಗೆ ವಾಂತಿ ಹೆಚ್ಚಾಗಬೇಕಿತ್ತು. ನನಗೆ ನನ್ನ ಇಪ್ಪತ್ತೆರಡನೆಯ ವಯಸ್ಸು ನೆನಪಾಯಿತು.

ಆಗ ನಾನು ಕಾನ್ವೆಂಟಿನ ಇಂಗ್ಲಿಷು, ಗಂಜಿ ಹಾಕಿದ ಕ್ಯಾಪು ಎರಡನ್ನೂ ತಲೆಯ ಮೇಲೆ ಹೊತ್ತು ಇದೇ ಊರಿನ ಸಣ್ಣದೊಂದು ಆಸ್ಪತ್ರೆಗೆ ನರ್ಸಾಗಿ ಸೇರಿದ್ದೆ. ಫಾರ್ಮಕಾಲಜಿ ಕಲಿಸಿದ ಸಿಸ್ಟರ್ ನಮ್ಮಿಂದ ಪ್ರೋಮೆಥಝೀನ್ ಎಂಬ ಮದ್ದಿನ ಪಾಠವನ್ನು ಜಪದಂತೆ ಹೇಳಿಸುತ್ತಿದ್ದರು. ತುರಿಕೆಗೂ ಅದೇ, ವಾಂತಿಗೂ ಅದೇ, ಜೊತೆಗೆ ನಿದ್ದೆ. ಬೆಳಕು ತಾಗಬಾರದೆಂದು ಕಂದು ಗಾಜಿನ ಆಂಪೂಲು. ಎರಡು ವರ್ಷದೊಳಗಿನ ಮಗುವಿಗೆ ನೆವರ್. ದಪ್ಪ ಮಾಂಸಖಂಡದ ಆಳಕ್ಕೇ ಕೊಡಬೇಕು. ಕೈಯ ರಕ್ತನಾಳದಲ್ಲಿ ಎಡವಟ್ಟಾದರೆ ಬೆರಳೇ ಕಪ್ಪಾಗಿ ಕೊಳೆತು, ಕತ್ತರಿಸಬೇಕಾಗಬಹುದು. “ಮೊದಲು ಆಂಪೂಲು ಓದು, ಆಮೇಲೆ ಪೇಷೆಂಟನ್ನು ಓದು” ಎನ್ನುತ್ತಿದ್ದರು. ಮೊದಲನೆಯದರಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿತ್ತು.

ಈರಕ್ಕನನ್ನು ಕರೆತಂದಾಗ ಎರಡು ದಿನದಿಂದ ಗುಟುಕು ನೀರೂ ಅವಳ ಹೊಟ್ಟೆಯಲ್ಲಿ ನಿಂತಿರಲಿಲ್ಲ. ನನ್ನದೇ ವಯಸ್ಸು. ಡಾಕ್ಟರು ಸೊಂಟಕ್ಕೆ ಅದೇ ಪ್ರೋಮೆಥಝೀನ್ ಇಂಜೆಕ್ಷನ್ ಬರೆದು ಆಪರೇಷನ್ನಿಗೆ ಹೋದರು. ತೋಳಿಗೆ ಕೊಡೋಣವೆಂದರೆ ಅಲ್ಲಿ ಮಾಂಸವೇ ಇಲ್ಲ. ಸೊಂಟ ಅಂದ ಕೂಡಲೇ ಅವಳು ಸೀರೆಯನ್ನು ಬಿಗಿಹಿಡಿದಳು. ವಾರ್ಡಿಗೆ ಪರದೆಯಿಲ್ಲ, ಬಾಗಿಲಲ್ಲೇ ಮಾವ, ಭಾವ, ಗಾಡಿ ಹೊಡೆದವನು. ಅತ್ತೆ ಸೊಸೆಯ ಬಲಗೈ ಎಳೆದು ನನ್ನ ಮುಂದೆ ಚಾಚಿದಳು.

“ನರಕ್ಕೇ ಆಕ್ಬುಡಮ್ಮ, ಬಿರ್ನೆ ಇಡೀತೈತೆ. ಗಂಡಸ್ರ ಮುಂದೆ ಸೊಂಟ ತೋರ್ಸೋ ಮನೆ ಅಲ್ಲ ನಮ್ದು.”

ನಾನು ಆ ಮುಂಗೈಗೆ ರಬ್ಬರ್ ಪಟ್ಟಿ ಕಟ್ಟಿಯೇ ಬಿಟ್ಟೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನಿಮಗೇ ಮೊದಲು. ನರ ಹುಡುಕುತ್ತ ಅವಳ ಬೆರಳುಗಳವರೆಗೂ ಸವರಿದೆ. ಹೆಬ್ಬೆರಳು, ತೋರುಬೆರಳು ಎರಡರ ತುದಿಗಳೂ ಉಣ್ಣೆ ಎಳೆದೆಳೆದು ಜಡ್ಡುಗಟ್ಟಿ ನುಣುಪಾಗಿದ್ದವು. ಅವಳ ಅನ್ನ ಅಲ್ಲಿತ್ತು. ಪಟ್ಟಿ ಬಿಚ್ಚಿದೆ.

ಕೈಗೆ ಹಾಕುವುದಿಲ್ಲ ಎಂದೆ. ಹಾಗಾದರೆ ಮನೆಗೆ ಹೊರಟೆವು ಎಂದು ಅತ್ತೆ ಎದ್ದಳು. ಹೊರಟರೆ ಈರಕ್ಕ ಉಳಿಯುವುದು ಅನುಮಾನ. ಆಗ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇಲ್ಲದ ಮಾತು ನನ್ನ ಬಾಯಿಂದ ಬಂತು:

“ಕೆರೇಲಿ ಮೈ ತೊಳ್ಕೊಳ್ಳೋವಾಗ ಏನು ಅಡ್ಡ ಹಿಡೀತೀರಮ್ಮ?”

ಅತ್ತೆ ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ತಾನೇ ಮೊದಲು ಸೆರಗು ಬಿಡಿಸಿ ಹಿಡಿದಳು. ಪಕ್ಕದ ಮಂಚಗಳಿಂದ ಇನ್ನೂ ಮೂವರು ಹೆಂಗಸರು ಎದ್ದು ಬಂದರು. ಶಿರಾದ ಬೀಬಿಯೊಬ್ಬಳು ದುಪಟ್ಟಾ ಹಿಡಿದಳು. ಆ ಬಣ್ಣಬಣ್ಣದ ಗೋಡೆಯೊಳಗೆ ಸೂಜಿ ಆಳಕ್ಕೆ ಇಳಿಯಿತು.

ಈರಕ್ಕ ಎಂಥ ನಿದ್ದೆ ಹೋದಳೆಂದರೆ, ಸೊಸೆಯನ್ನು ಕೊಂದೆನೆಂದು ಅತ್ತೆ ನನ್ನನ್ನು ಬೈಯತೊಡಗಿದಳು. ನಾನು ಉಸಿರು ಎಣಿಸುತ್ತ ಪಕ್ಕದಲ್ಲೇ ಕುಳಿತೆ. ಸಂಜೆಗೆ ಕಣ್ಣು ಬಿಟ್ಟವಳು, “ಬಾಯೊಣ್ಗೈತೆ, ನೀರ್ ಕೊಡಕ್ಕ” ಎಂದಳು. ಕುಡಿದಳು. ನೀರು ನಿಂತಿತು. ಆ ಸಂಜೆ ವರಾಂಡದಲ್ಲಿ ನಾನು ರಾಣಿಯ ಹಾಗೆ ನಡೆದೆ.

ಈಗ ನೋಡಿ, ಮೊನ್ನೆ ಚಿಕ್ಕ ಹುಡುಗಿ ನರ್ಸ್ ಅದೇ ಕಂದು ಆಂಪೂಲು ಹಿಡಿದು ಬಂದಳು. ವಯಸ್ಸಾದವರಿಗೆಂದು ಕಡಿಮೆ ಡೋಸು. “ಅಜ್ಜಿ, ಸೊಂಟಕ್ಕೆ” ಎಂದಳು. ಬಾಗಿಲಲ್ಲಿ ಕಾಂಪೌಂಡರ್ ನಿಂತಿದ್ದ. ಜೀವಮಾನವಿಡೀ ಸೂಜಿ ಚುಚ್ಚಿದ ನಾನು, ಸಿಲ್ಲಿ ಓಲ್ಡ್ ವುಮನ್, ತೆಪ್ಪಗೆ ಕೈ ಚಾಚಿದೆ.

“ಇದನ್ನ ಕೈಗೆ ಹಾಕಲ್ಲ ಅಜ್ಜಿ” ಎಂದು ಹುಡುಗಿ ಕದಲದೆ ನಿಂತಳು. ನನಗಾದ ಸಂತೋಷವನ್ನು ಏನೆಂದು ಹೇಳಲಿ.

ಈರಕ್ಕ ಕಂಬಳಿಯನ್ನು ಸರ್ರನೆ ಎಳೆದು, ಅಗಲಕ್ಕೆ ಬಿಡಿಸಿ ಅಡ್ಡ ಹಿಡಿದಳು.

“ತಿರಿಕ್ಕಳಿ ಸಿಸ್ಟ್ರಮ್ಮ. ಕೆರೇಲಿ ಇದೀನಿ ಅನ್ಕಳಿ.”

ಕಂಬಳಿಯ ಅಂಚಿನ ಮೇಲೆ ಅವಳ ಬೆರಳುಗಳು ಕಾಣುತ್ತಿದ್ದವು. ಎಣಿಸಿದೆ, ಹತ್ತೂ ಇದ್ದವು. ತಿರುಗಿ ಮಲಗಿದೆ.