ಭರಣಿಯಲ್ಲಿ ಸಕ್ಕರೆ

ಮೀನಿನ ಟ್ಯಾಂಕಿನ ಮುಚ್ಚಳ ತೆಗೆದರೆ ಸಾಕು, ಉಪ್ಪುನೀರಿನ ಹಸಿ ವಾಸನೆ ಮೂಗಿಗೆ ಬಡಿಯುತ್ತದೆ. ಕೊಲ್ಲಿ ನಾಡಿನ ಅಲ್ ಮುಂತಜಾದ ಈ ಫ್ಲ್ಯಾಟಿನ ಎಸಿ ಗಾಳಿಯಲ್ಲಿ ನನ್ನ ಸೊಸೆಗೆ ಅದು ಬರೇ ಸ್ಮೆಲ್. ನನಗೆ ಮಾಂಯ್‌ಯ ಭರಣಿ. ಅಮ್ಮನನ್ನು ನಾನು ಕರೆಯುತ್ತಿದ್ದುದು ಹಾಗೆ. ಊರಲ್ಲಿ, ಬೋಳಾರದ ಹೊಳೆಬದಿಯ ಹೆಂಚಿನ ಮನೆಯಲ್ಲಿ, ಮಳೆಗಾಲ ಹಿಡಿಯುವ ಮೊದಲು, ಅವಳು ಬಂಗುಡೆ ಮೀನನ್ನು ಕಲ್ಲುಪ್ಪಿನ ನಡುವೆ ಪದರ ಪದರವಾಗಿ ಇಟ್ಟು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಆಮೇಲೆ ಅದೇ ಕೈಯಲ್ಲಿ ನನ್ನ ಜಡೆ ಹೆಣೆಯುತ್ತಿದ್ದಳು. ಕಾನ್ವೆಂಟಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನೋ, ಜಡೆಯ ತುದಿಯನ್ನು ಕದ್ದು ಮೂಸುತ್ತಿದ್ದೆ.

ಟ್ಯಾಂಕಿನಲ್ಲಿ ಕ್ಲೌನ್ ಫಿಶ್ ಒಂದು ಜೊತೆ ಇತ್ತು, ಕಿತ್ತಳೆ ಮೈಗೆ ಬಿಳಿ ಪಟ್ಟೆ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಮಗ, ಸೊಸೆ ಲುಸೈಲ್‌ನ ಆಫೀಸಿಗೂ ಮೊಮ್ಮಗಳು ನಿಶಾ ಸ್ಕೂಲಿಗೂ ಹೋದ ಮೇಲೆ ಅವುಗಳ ಆರೈಕೆ ನನ್ನದು: ಚಿಟಿಕೆ ಆಹಾರ ಹಾಕುವುದು, ಗಾಜಿನ ಪಾಚಿ ಉಜ್ಜುವುದು, ಆರಿಹೋದಷ್ಟು ಸಿಹಿನೀರು ತುಂಬುವುದು. ಉಪ್ಪುನೀರು ಹಾಕಬಾರದು, ನೀರು ಆರಿದರೂ ಉಪ್ಪು ಅಲ್ಲೇ ಇರುತ್ತದೆ. ರಂಜಾನಿಗೆ ಸ್ವಲ್ಪ ಮೊದಲು ದೊಡ್ಡದು ಸತ್ತುಹೋಯಿತು. ನನ್ನ ಮುಖ ನೋಡಿ ನಿಶಾ, “ಡೋಂಟ್ ವರಿ ಗ್ರ್ಯಾನಿ, ಸಣ್ಣದು ಉಂಟಲ್ಲಾ, ಈಗ ಅದೇ ಮಮ್ಮಿ ಆಗ್ತದೆ” ಎಂದಳು.

“ಗಂಡು ಹೇಗೆ ಮಮ್ಮಿ ಆಗ್ತದೆ ಮಾರಾಯ್ತಿ?”

“ಆಗ್ತದೆ. ಫೀಮೇಲ್ ಸತ್ರೆ ಮೇಲ್ ಚೇಂಜ್ ಆಗ್ತದೆ. ಅವರ ರೂಲ್ ಅದು.”

ರೂಲ್. ಆ ಶಬ್ದವನ್ನು ನಾನು ಮೊದಲು ಕೇಳಿದ್ದು ಪಪ್ಪನ ಬಾಯಲ್ಲಿ. ಮಾಂಯ್ ತೀರಿಕೊಂಡಾಗ ಭರಣಿ ಅರ್ಧ ತುಂಬಿತ್ತು, ನನಗೆ ಒಂಬತ್ತು ವರ್ಷ. ಪಪ್ಪ ಚಹಾ ಕೂಡ ಯಾರಾದರೂ ಕೈಗೆ ತಂದುಕೊಡಲಿ ಎಂದು ಕಾಯುವ ಗಂಡಸು. ಮಣೆಯ ಮೇಲೆ ನಿಂತು ನಾನೇ ಗಂಜಿ ಬೇಯಿಸಿದೆ, ತಳ ಹಿಡಿಯಿತು. “ಪಪ್ಪಾ, ನಾನು ಎಲ್ಲಾ ಕಲೀತೇನೆ, ಬೋರ್ಡಿಂಗಿಗೆ ಹಾಕ್ಬೇಡಿ” ಎಂದೆ. ಪೇಪರಿನಿಂದ ಕಣ್ಣೆತ್ತದೆ ಅವರೆಂದರು: “ಹೆಣ್ಣುಮಗುವನ್ನು ಗಂಡಸು ಸಾಕ್ಲಿಕ್ಕೆ ಆಗ್ತದಾ? ದೇವರು ಮಾಡಿದ ರೂಲ್ ಅದು.” ಬೋರ್ಡಿಂಗಿನ ಸಿಸ್ಟರುಗಳು ನನಗೆ ಇಂಗ್ಲಿಷ್ ಕಲಿಸಿದರು, ಫೋರ್ಕ್ ಹಿಡಿಯಲು ಕಲಿಸಿದರು, ಸದ್ದಿಲ್ಲದೆ ಅಳುವುದನ್ನೂ ಕಲಿಸಿದರು. ಕ್ರಿಸ್ಮಸ್ ರಜೆಗೆ ಬಂದಾಗ ಮನೆಯಲ್ಲಿ ಹೊಸ ಮಮ್ಮಿ ಇದ್ದಳು. ನಾನು ನೇರ ಅಡುಗೆಮನೆಗೆ ಓಡಿ ಭರಣಿಯ ಬಟ್ಟೆ ಬಿಚ್ಚಿದೆ. ಒಳಗೆ ಸಕ್ಕರೆ. “ಎಷ್ಟು ತೊಳೆದ್ರೂ ವಾಸನೆ ಹೋಗುದಿಲ್ಲ ನೋಡು, ಚಹಾ ಕೂಡ ಮೀನು ಮೀನು” ಎಂದು ಅವಳು ನನ್ನಲ್ಲೇ ದೂರಿದಳು. ಪಪ್ಪ ಆ ಚಹಾ ಕುಡಿಯುತ್ತಿದ್ದರು, ಮುಖವನ್ನೂ ಹಿಂಡದೆ.

ಆ ಮನೆ ಈಗಿಲ್ಲ, ಪಪ್ಪನೂ ಇಲ್ಲ. ಟ್ಯಾಂಕಿನ ಸಣ್ಣ ಮೀನು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದೆ. ನಾನು ‘ಅವನು’ ಎಂದರೆ ನಿಶಾ ‘ಅವಳು’ ಎಂದು ತಿದ್ದುತ್ತಾಳೆ. ಮಧ್ಯಾಹ್ನ ಎಲ್ಲರೂ ಹೊರಗಿರುವಾಗ ಗಾಜಿನ ಮುಂದೆ ಕುಳಿತು ನೋಡುತ್ತೇನೆ. ಬೆರಳುದ್ದದ ಮೀನು, ತಾನೇ ಮಮ್ಮಿಯಾಗುತ್ತಿದೆ. ಅದಕ್ಕೆ ಯಾರ ಕೈಯ ಚಹಾವೂ ಬೇಕಾಗಲಿಲ್ಲ.